ನಾನೂರಾ ನಾಲ್ಕನೇ ನಂಬರಿನ ಹುಡುಗಿ

ಹೂಲಿಯಿಂದ ಬಂದ ರೈತನೊಬ್ಬ ತನ್ನ ಅಣ್ಣನ ಮಗನಿಗೆ ನಾನೂರಾ ನಾಲ್ಕನೇ ನಂಬರಿನ ಹುಡುಗಿಯೇ ಆಗಬೇಕೆಂದು ಹಟ ಹಿಡಿದು ಕುಳಿತದ್ದೇ ಇಷ್ಟಕ್ಕೆಲ್ಲ ಮೂಲ.

ಅವನು ಕುಳಿತದ್ದು ಬೈಲಹೊಂಗಲದ ಪೇಟೆಯಲ್ಲಿ, ವೀರಪ್ಪನವರ ಕಾಳಿನ ಅಂಗಡಿಯ ಮೇಲಿನ ಮಾಳಿಗೆಯಲ್ಲಿದ್ದ 'ಶುಭಯೋಗ ವಧು-ವರ ಮಾಹಿತಿ ಕೇಂದ್ರ'ದ ಬೆಂಚಿನ ಮೇಲೆ. ೨೦೦೫ನೇ ಇಸವಿ. ವೀರಪ್ಪನವರು ಕೆಳಗೆ ಕಾಳು ತೂಗುತ್ತಿದ್ದರು, ಮೇಲೆ ಸಂಬಂಧ ಕೂಡಿಸುತ್ತಿದ್ದರು. ಎರಡು ವರ್ಷದ ಹಿಂದೆ ಕೇಂದ್ರಕ್ಕೆ ಒಂದು ವೆಬ್‌ಸೈಟ್ ಮಾಡಿಸಿದ್ದರು. ಹೆಸರು ಹಚ್ಚಿದವರಿಗೆ ಒಂದೊಂದು ನಂಬರು. ರಾಮದುರ್ಗದಲ್ಲಾಗಲಿ ಸವದತ್ತಿಯಲ್ಲಾಗಲಿ, ಯಾವ ನೆಟ್ ಸೆಂಟರಿನಲ್ಲಿ ಕುಳಿತು ಆ ನಂಬರು ಒತ್ತಿದರೂ ಹುಡುಗ ಅಥವಾ ಹುಡುಗಿಯ ಫೋಟೋ, ಓದು, ಮನೆತನ ಎಲ್ಲ ಮೂಡುತ್ತಿದ್ದವು. ಮದುವೆ ಗೊತ್ತಾದವರ ಪುಟ ತೆಗೆದುಹಾಕುವುದು ಪದ್ಧತಿ. ಹಾಗೆ ತೆಗೆದ ನಂಬರನ್ನು ಯಾರಾದರೂ ಒತ್ತಿದರೆ ಬಿಳಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ '404 ನಾಟ್ ಫೌಂಡ್' ಎಂದು ಬರುತ್ತಿತ್ತು.

"ನಾ ನೂರಾ ಹನ್ನೊಂದ ಒತ್ತಿದ್ರೂ ನಾನೂರಾ ನಾಲ್ಕ ಬಂತರಿ," ಎಂದ ಹೂಲಿಯವನು. "ಎಪ್ಪತ್ತಮೂರ ಒತ್ತಿದ್ರೂ ನಾನೂರಾ ನಾಲ್ಕ. ಎಲ್ಲಿ ಹೊಕ್ಕರೂ ಆಕೀನ ಎದುರಿಗೆ ಬರಾಕತ್ತಾಳಂದ್ರ ಅದು ಋಣಾನುಬಂಧ ಅಲ್ಲೇನ್ರಿ? ಫೋಟೋ ತೋರಸ್ರಿ."

ಕೇಂದ್ರದ ರಜಿಸ್ಟರು ನೋಡಿಕೊಳ್ಳುತ್ತಿದ್ದ ದೇವಕ್ಕ ಕನ್ನಡಕ ತೆಗೆದಿಟ್ಟಳು. "ಯಪ್ಪಾ, ನಮ್ಮಲ್ಲೆ ಇರೋದ ಮುನ್ನೂರಾ ಹನ್ನೆರಡ ಮಂದಿ. ನಾನೂರಾ ನಾಲ್ಕನೇದಾಕಿನ್ನ ಎಲ್ಲಿಂದ ತರೋಣು?"

"ಹೆಸರ ಸುದ್ದಾ ಕೊಟ್ಟೀರಲ್ಲರಿ, ನಾಟ್ ಫೌಂಡ್ ಅಂತ. ಯಾವ ಊರ ಮನೆತನರಿ ಅದು?"

ಅವನನ್ನು ಎಬ್ಬಿಸಿ ಕಳಿಸಲು ವೀರಪ್ಪನವರೇ ಕೆಳಗಿನಿಂದ ಬರಬೇಕಾಯಿತು. ಕಳಿಸಿದವರೇ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ಅಮೋಘಸಿದ್ದಪ್ಪನ ಕಡೆ ತಿರುಗಿದರು. "ಅಮೋಘಾ, ಬಾಗಲಕ ಬಂದವರಿಗೆ ಒಂದ ನಂಬರ ಹೇಳಿ ಓಡಸೂದ ಯಾವ ಮರ್ಯಾದಿನೋ? ಆ ಇಂಗ್ಲೀಷ ಹಾಳಿ ತಗದ ಒಗಿ. ಕನ್ನಡದಾಗ, ಮನಸಿಗೆ ತಟ್ಟೂ ಹಂಗ ನಾಕ ಮಾತ ಬರಿ."

"ಆತ್ರಿ," ಎಂದ ಅಮೋಘಸಿದ್ದಪ್ಪ. ಯಾರು ಯಾವ ಕೆಲಸ ಹೇಳಿದರೂ ಅವನು 'ಆತ್ರಿ' ಬಿಟ್ಟು ಬೇರೆ ಅಂದದ್ದನ್ನು ದೇವಕ್ಕ ಕೇಳಿರಲಿಲ್ಲ.

ಮನಸ್ಸಿಗೆ ತಟ್ಟುವ ಮಾತಿಗೆ ಅವನು ದೂರ ಹೋಗಬೇಕಿರಲಿಲ್ಲ. ಆರು ವರ್ಷದ ಹಿಂದೆ ಅವನು ಇದೇ ಊರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದಾಗ ಕಿತ್ತೂರಿನಿಂದ ಭಾಗೀರಥಿ ಎಂಬ ಹುಡುಗಿ ಮೂರು ತಿಂಗಳು ಬಸ್ಸಿಗೆ ಬಂದುಹೋಗಿ ಕಲಿತಿದ್ದಳು. ಅವಳು ಕೂಡುತ್ತಿದ್ದ ಮೂರನೇ ಮಿಷನ್ನಿನ ಮೌಸು ಕೆಟ್ಟಿತ್ತು. ಅದು ನಿಂತಾಗಲೆಲ್ಲ "ಸರ, ಸ್ವಲ್ಪ ಇಲ್ಲೆ ಬರ್ರಿ" ಎಂದು ಕರೆಯುತ್ತಿದ್ದಳು. ಅದಕ್ಕೇ ಅವನು ಮೂರು ತಿಂಗಳೂ ಆ ಮೌಸನ್ನು ಬದಲಿಸಲಿಲ್ಲ. ಹೇಳಬೇಕಾದ ಒಂದು ಮಾತನ್ನು ಕೋರ್ಸು ಮುಗಿದ ದಿನ ಹೇಳೋಣವೆಂದುಕೊಂಡ. ಆ ದಿನ ಸರ್ಟಿಫಿಕೇಟು ಕೊಟ್ಟು "ಛಲೋ ಆತ್ರಿ" ಎಂದಷ್ಟೇ ಹೇಳಿ ಕಳಿಸಿದ.

ನಾಲ್ಕು ವರ್ಷದ ಮೇಲೆ ಅವಳ ತಂದೆ ಕರೆಪ್ಪ ಮಗಳ ಫೋಟೋ ಹಿಡಿದು ಇದೇ ಮಾಳಿಗೆ ಹತ್ತಿ ಬಂದರು. ಅಷ್ಟರಲ್ಲಿ ಅವಳು ಕಿತ್ತೂರಿನ ಸಾಲಿಯಲ್ಲಿ ಟೀಚರಾಗಿದ್ದಳು. ಇನ್ನೂರಾ ಹದಿನೇಳನೇ ನಂಬರು ಬಿತ್ತು. ಬೇರೆಯವರ ಪುಟ ಹತ್ತು ನಿಮಿಷಕ್ಕೆ ಮುಗಿಸುತ್ತಿದ್ದ ಅಮೋಘಸಿದ್ದಪ್ಪ ಅದಕ್ಕೆ ಎರಡು ದಿನ ತೆಗೆದುಕೊಂಡ. ಆಮೇಲೆ ಬೆಳಿಗ್ಗೆ ಬಂದವನು ಮೇಜಿನ ದೂಳು ಒರೆಸುವ ಮೊದಲು ಆ ಪುಟ ತೆರೆದು ನೋಡುವನು, ಸಂಜೆ ಹೊರಡುವ ಮುಂಚೆ ಇನ್ನೊಮ್ಮೆ ನೋಡುವನು. ದೇವಕ್ಕ ಕೇಳಿದರೆ, "ಸೈಟ್ ನಡ್ಯಾಕತ್ತೈತೋ ಇಲ್ಲೋ ನೋಡತೇನ್ರಿ" ಎನ್ನುವನು. ಈ ಎರಡು ವರ್ಷದಲ್ಲಿ 'ನಂದೊಂದ ಮಾತ ಅವರ ಮನಿಗೆ ಮುಟ್ಟಸ್ರಿ' ಎಂದು ಕೇಳಲು ವೀರಪ್ಪನವರ ಮುಂದೆ ಮೂರು ಸಲ ಹೋಗಿ ನಿಂತಿದ್ದ. ಒಮ್ಮೆ ರಜೆ ಕೇಳಿ ಬಂದ. ಒಮ್ಮೆ ಪ್ರಿಂಟರಿನ ಶಾಯಿ ಕೇಳಿ ಬಂದ. ಮೂರನೇ ಸಲ ಏನು ಕೇಳುವುದೆಂದು ತೋಚದೆ, ಕೆಳಗೆ ತೊಗರಿ ಧಾರಣಿ ಎಷ್ಟು ನಡೆದಿದೆ ಎಂದು ವಿಚಾರಿಸಿ ಬಂದ.

ಮೂರು ವಾರದ ಹಿಂದೆ ಒಂದು ಕಾರ್ಡು ಬಂತು. 'ನಂಬರು ೨೧೭ ತೆಗೆದುಹಾಕಿರಿ. ಕರೆಪ್ಪ, ಕಿತ್ತೂರು.'

"ಗೊತ್ತಾಗಿರಬೇಕು," ಎಂದರು ವೀರಪ್ಪನವರು. "ಒಂದ ಪಾವಶೇರ ಪೇಢೆ ಕಳಸಾಕ ಏನಾಗಿತ್ತು ಇವರಿಗೆ?"

ಅಮೋಘಸಿದ್ದಪ್ಪ ತನ್ನ ಕೈಯಾರೆ ಆ ಪುಟ ತೆಗೆದ. ಆದರೂ ಮರುದಿನ ಬೆಳಿಗ್ಗೆ ಅವನ ಬೆರಳು ಅದೇ ನಂಬರನ್ನೇ ಒತ್ತಿತು. ಬಿಳಿ ಪರದೆ, 404. ಇಪ್ಪತ್ತೊಂದು ದಿನ ಅದನ್ನೇ ನೋಡಿದ್ದ.

ಹಾಗಾಗಿ ವೀರಪ್ಪನವರು ನಾಕು ಮಾತು ಬರಿ ಎಂದಾಗ ಅವನು ಹೆಚ್ಚು ಯೋಚಿಸಲಿಲ್ಲ. ಸಂಜೆ ಎಲ್ಲ ಹೋದ ಮೇಲೆ ಹೀಗೆ ಬರೆದ:

'ನೀವು ಹುಡುಕಿಕೊಂಡು ಬಂದವರು ಇಲ್ಲಿ ಇಲ್ಲ. ನಿನ್ನೆಯವರೆಗೆ ಇದ್ದರು. ನಿಮ್ಮ ತಪ್ಪು ಒಂದೇ, ಬಾಯಿ ಬಿಟ್ಟು ಕೇಳಲಿಲ್ಲ. ಎಲ್ಲಿದ್ದರೂ ಸುಖವಾಗಿರಲಿ ಎಂದುಕೊಳ್ಳಿ.'

ಇದನ್ನು ಊರಿಗೆ ತೋರಿಸುವ ಉದ್ದೇಶ ಅವನಿಗಿರಲಿಲ್ಲ. ಈ ಹೊತ್ತು ಪರೀಕ್ಷೆಗೆಂದು ಹಾಕುವುದು, ೨೧೭ ಒತ್ತಿ ಒಮ್ಮೆ ಓದಿಕೊಳ್ಳುವುದು, ಕೂಡಲೇ ತೆಗೆದು 'ಕ್ಷಮಿಸಿರಿ, ಈ ಪುಟ ಲಭ್ಯವಿಲ್ಲ' ಎಂದು ಹಾಕುವುದು, ಇಷ್ಟೇ ಅವನ ಲೆಕ್ಕ. ಆಗಿನ್ನೂ ಎಲ್ಲ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ ಮಾತನ್ನು ಚಿತ್ರವಾಗಿ ಮಾಡಿದ, ಸುತ್ತ ಒಂದು ಬಳ್ಳಿ ಬಿಡಿಸಿದ. 'ಕೇಳಿದ ಪುಟ ಇಲ್ಲದಿದ್ದರೆ ಇದನ್ನು ತೋರಿಸು' ಎಂದು ಸೈಟಿಗೆ ಆದೇಶ ಬರೆದು ಕಳಿಸಿದ. ಕಳಿಸಿದ ಮರುಕ್ಷಣವೇ ಫೋನಿನ ಲೈನು ಸತ್ತಿತು, ಅದರ ಜೊತೆ ಇಂಟರ್ನೆಟ್ಟೂ. ರಸ್ತೆ ಅಗೆಯುವವರು ಕೇಬಲ್ಲು ಕಡಿದಿದ್ದರು. ನಾಳೆ ನೋಡಿದರಾಯಿತೆಂದು ಅವನು ಮನೆಗೆ ಹೋದ.

ಅವನಿಗೆ ತಿಳಿಯದೇ ಇದ್ದದ್ದು ಒಂದು. ಆ ಆದೇಶದಲ್ಲಿ 'ಇಲ್ಲದಿದ್ದರೆ' ಎನ್ನುವುದಕ್ಕೆ ಒಂದು ಉದ್ಗಾರ ಚಿಹ್ನೆ ಹಾಕಬೇಕು. ಅದು ಬಿಟ್ಟುಹೋಗಿತ್ತು. ಅಂದರೆ ಆದೇಶ, 'ಕೇಳಿದ ಪುಟ ಇದ್ದರೆ ಇದನ್ನು ತೋರಿಸು' ಎಂದಾಗಿತ್ತು.

ಬೆಳಿಗ್ಗೆ ಅವನು ಮಾಳಿಗೆಯ ಮೆಟ್ಟಿಲು ಹತ್ತುವಾಗ ಮೇಲಿಂದ ಸಂತೆಯ ಸದ್ದು ಕೇಳುತ್ತಿತ್ತು.

ಮೊದಲು ಕಂಡವಳು ಕಟಕೋಳದ ಶಟ್ಟೆವ್ವ. ಎತ್ತು ಮಾರಲು ತಂದವಳಂತೆ ಮಗನ ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದಳು. "ನೋಡ್ರಿ, ನೋಡ್ರಿ, ಇದ್ದಾನ! ಮುಟ್ಟಿ ನೋಡ್ರಿ ಬೇಕಾದ್ರ!" ಎಂದು ಎಲ್ಲರ ಮುಂದೆ ಅವನನ್ನು ತಿರುಗಿಸುತ್ತಿದ್ದಳು. ಸವದತ್ತಿಯಲ್ಲಿದ್ದ ಅವಳ ನೆಂಟನೊಬ್ಬ ನಿನ್ನೆ ಏಳು ಗಂಟೆಗೆ ನೆಟ್ ಸೆಂಟರಿನಲ್ಲಿ ಹುಡುಗನ ಪುಟ ತೆರೆದಿದ್ದಾನೆ. 'ನಿನ್ನೆಯವರೆಗೆ ಇದ್ದರು, ಎಲ್ಲಿದ್ದರೂ ಸುಖವಾಗಿರಲಿ' ಎಂದು ಓದಿದ್ದಾನೆ. ಇವತ್ತು ಬೆಳಗಾಗುವುದರೊಳಗೆ ಎರಡು ಟೆಂಪೊ ಬೀಗರು ಅಳುತ್ತ ಮನೆಗೆ ಬಂದಿಳಿದಿದ್ದಾರೆ. ಬಾಗಿಲು ತೆರೆದವನು ಬೇವಿನ ಕಡ್ಡಿ ಕಚ್ಚಿಕೊಂಡಿದ್ದ ಮಗನೇ.

"ನನ್ನ ನೋಡಿ ನಮ್ಮ ಅತ್ತಿ ಎಚ್ಚರಾ ತಪ್ಪಿ ಬಿದ್ಲರಿ," ಎಂದ ಆ ಹುಡುಗ ಸಂಕೋಚದಿಂದ.

ಪಕ್ಕದ ಬೆಂಚಿನಲ್ಲಿ ರಾಮದುರ್ಗದ ಒಬ್ಬ ತಂದೆ ಮಗಳೊಂದಿಗೆ ಕುಳಿತಿದ್ದರು. ಅವರ ಮನೆಗೆ ಇವತ್ತು ಹನ್ನೊಂದಕ್ಕೆ ಗಂಡಿನವರು ಬರುವವರಿದ್ದರು. 'ನಿನ್ನೆಯವರೆಗೆ ಇದ್ದ ಹುಡುಗಿ ಯಾರ ಕೂಡ ಹೋದಳು' ಎಂದು ಕೇಳಿ ಬರುವುದನ್ನೇ ಬಿಟ್ಟಿದ್ದರು. ದೇವಕ್ಕ ಎಲ್ಲರಿಗೂ ನೀರು ಕೊಡುತ್ತ, "ಮುನ್ನೂರಾ ಹನ್ನೆರಡೂ ಮಂದೀನ ಒಂದ ರಾತ್ರ್ಯಾಗ ಕಳದ ಬಿಟ್ಯಲ್ಲೋ ಪುಣ್ಯಾತ್ಮಾ," ಎಂದಳು.

ವೀರಪ್ಪನವರು ಎದ್ದು ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತರು. "ಈಗ ಹೋತಿಲ್ಲೋ ಅದು?"

"ಇಲ್ರಿ ಧಣಿ. ಸೈಟ್ ಈ ಕಂಪ್ಯೂಟರದಾಗ ಇರಂಗಿಲ್ಲರಿ. ಅಮೇರಿಕಾದಾಗ ಒಂದ ದೊಡ್ಡ ಕಂಪ್ಯೂಟರ ಐತಿ, ಅದರಾಗ ಐತ್ರಿ."

ರಾಮದುರ್ಗದ ತಂದೆ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ನಮ್ಮ ಹುಡುಗ್ಯಾರ ಫೋಟೋ ಅಮೇರಿಕಾದಾಗ ಅದಾವಾ?" ಎಂದರು ವೀರಪ್ಪನವರು ಮೆಲ್ಲಗೆ. "ಯಾರನ್ನ ಕೇಳಿ ಕಳಿಸಿದಿ?"

ಅದನ್ನು ವಿವರಿಸಲು ಹೋದರೆ ಸಂಜೆಯಾಗುತ್ತಿತ್ತು. ಇಡೀ ಊರಿನ ಫೋನು ಸತ್ತಿದ್ದರಿಂದ ಬೈಲಹೊಂಗಲದಲ್ಲಿ ಕುಳಿತು ಏನನ್ನೂ ಸರಿಪಡಿಸುವಂತಿರಲಿಲ್ಲ. ಬೇರೆ ಊರಿಗೆ ಹೋಗಬೇಕು. "ಎರಡ ಗಂಟಿ ಒಳಗ ಇದು ನೆಟ್ಟಗಾಗಲಿಲ್ಲಂದ್ರ ಆ ಹಾಳ್ಯಾಗ ನಿನ್ನ ಹೆಸರೂ ಬರಕೋ," ಎಂದು ವೀರಪ್ಪನವರು ಬಾಗಿಲು ತೋರಿಸಿದರು. "ನಿನ್ನೀಮಟಾ ಇದ್ದ ಅಂತ!"

ಬಸ್ ಸ್ಟ್ಯಾಂಡಿನಲ್ಲಿ ಸವದತ್ತಿ ಬಸ್ಸೂ ನಿಂತಿತ್ತು, ಕಿತ್ತೂರು ಬಸ್ಸೂ ನಿಂತಿತ್ತು. ಸವದತ್ತಿಯದು ಮೊದಲು ಬಿಡುವುದಿತ್ತು. ಅಮೋಘಸಿದ್ದಪ್ಪ ಕಿತ್ತೂರು ಬಸ್ಸು ಹತ್ತಿ ಕುಳಿತ. ಆ ಊರಿನ ರಸ್ತೆಯಲ್ಲಿ ಒಮ್ಮೆ ನಡೆದರೆ ಏನೂ ಹಾಳಾಗುವುದಿಲ್ಲವೆಂದು ತನಗೆ ತಾನೇ ಹೇಳಿಕೊಂಡ. ಮದುವೆ ಗೊತ್ತಾದ ಹುಡುಗಿಯ ಊರಾದರೇನು, ನೆಟ್ ಸೆಂಟರು ಎಲ್ಲರದ್ದೂ ತಾನೇ. ಬಸ್ಸು ಎಲ್ಲ ಹಳ್ಳಿಗೂ ನಿಂತು ನಿಂತು ಒಂದೂವರೆ ತಾಸು ತೆಗೆದುಕೊಂಡಿತು. ಅಷ್ಟು ಹೊತ್ತೂ ಅವನು ಕಿಟಕಿಯ ಹೊರಗೆ ಹತ್ತಿ ಹೊಲ ನೋಡುತ್ತ, ಅವಳು ದಿನಾ ಇದೇ ದಾರಿಯಲ್ಲಿ ಬರುತ್ತಿದ್ದಳಲ್ಲ, ಯಾವ ಕಡೆಯ ಸೀಟಿನಲ್ಲಿ ಕೂಡುತ್ತಿದ್ದಳೋ ಎಂದು ಯೋಚಿಸಿದ.

ಕಿತ್ತೂರಿನ ನೆಟ್ ಸೆಂಟರಿನಲ್ಲಿ ತಪ್ಪು ಸಿಕ್ಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಉದ್ಗಾರ ಚಿಹ್ನೆ ಹಾಕಿದ. ಬಳ್ಳಿಯ ಚಿತ್ರ ತೆಗೆದು 'ಕ್ಷಮಿಸಿರಿ' ಹಾಕಿದ. ಮುನ್ನೂರಾ ಹನ್ನೆರಡು ಮಂದಿಯೂ ಮರಳಿ ಬಂದರು. ಅಲ್ಲಿಂದಲೇ ವೀರಪ್ಪನವರ ಮೊಬೈಲಿಗೆ ಫೋನು ಮಾಡಿದ.

ವೀರಪ್ಪನವರ ದನಿ ಬದಲಾಗಿತ್ತು. "ಇಲ್ಲೆ ಒಂದ ಮಜಾ ಆಗೇತಿ. ಶಟ್ಟೆವ್ವನ ಮಗಾ, ಆ ರಾಮದುರ್ಗದ ಹುಡುಗಿ ಇಬ್ಬರೂ ಒಂದ ಬೆಂಚಿನ್ಯಾಗ ಕುಂತಿದ್ರಲ್ಲ, ಹಿರ್ಯಾರು ಮಾತಾಡಿ ಗೊತ್ತ ಮಾಡಿಬಿಟ್ರು! ದೇವಕ್ಕ ಸಕ್ಕರಿ ಹಂಚಾಕತ್ತಾಳು. ನೀ ಊಟಾ ಮಾಡಿಕೊಂಡ ಬಾ."

ಅವನು ಫೋನು ಇಟ್ಟು ತಿರುಗಿದ. ಬಾಗಿಲಲ್ಲಿ ಭಾಗೀರಥಿ ನಿಂತಿದ್ದಳು. ಸಾಲಿಯ ಊಟದ ಬಿಡುವಿನಲ್ಲಿ ಬಂದಿರಬೇಕು, ಬೆರಳಿಗೆ ಇನ್ನೂ ಸುಣ್ಣದ ಕಡ್ಡಿಯ ಪುಡಿ ಅಂಟಿತ್ತು.

"ಸರ! ನೀವ್ ಇಲ್ಲೆ?"

ಆರು ವರ್ಷದಿಂದ ಈ ಭೇಟಿಗೆ ಅವನು ಎಷ್ಟೋ ಮಾತು ಕೂಡಿಸಿಟ್ಟಿದ್ದ. ಒಂದೂ ಬಾಯಿಗೆ ಬರಲಿಲ್ಲ. "ಇಲ್ಲೆ ಮೌಸ್ ಛಲೋ ಅದಾವೇನ್ರಿ?" ಎಂದ.

ಅವಳು ನಕ್ಕಳು. ಆ ನಗುವಿಗೆ ಸ್ವಲ್ಪ ಧೈರ್ಯ ಬಂತು. "ನಿಮ್ಮ ಮದುವಿ ಗೊತ್ತಾತಂತಲ್ರಿ. ಛಲೋ ಆತ್ರಿ."

"ಯಾರ ಹೇಳಿದ್ರು? ಎಲ್ಲೀ ಮದುವಿ ಸರ? ಅಪ್ಪಾ ಸಿಟ್ಟ ಮಾಡಿ ನನ್ನ ಹೆಸರ ತಗಸ್ಯಾರ. ಗೊತ್ತೂ ಆಗಿಲ್ಲ, ಏನೂ ಆಗಿಲ್ಲ."

ಅಮೋಘಸಿದ್ದಪ್ಪ ಮೇಜಿನ ಅಂಚು ಹಿಡಿದುಕೊಂಡ. ಇಪ್ಪತ್ತೊಂದು ದಿನದ ಬಿಳಿ ಪರದೆಗೆ ಬಣ್ಣ ಬಂದಂತಾಯಿತು. ಈಗ ಹೇಳಬೇಕು. ಈಗ ಹೇಳದಿದ್ದರೆ ಮುಂದೆ ಎಂದೂ ಇಲ್ಲ. "ಭಾಗೀರಥಿ," ಎಂದ. ರೀ ಎನ್ನುವುದನ್ನೂ ಮರೆತಿದ್ದ. "ನಿನ್ನೆ ಸೈಟಿನ್ಯಾಗ ಒಂದ ಬರಹ ಬಂದಿತ್ತು. ನೀವ ಹುಡುಕಿಕೊಂಡ ಬಂದವರು ಇಲ್ಲಿ ಇಲ್ಲ ಅಂತ. ಅದನ್ನ ಬರದಾಂವ…"

"ನೀವ ಬರದದ್ದಾ!" ಅವಳು ಎರಡೂ ಕೈ ಜೋಡಿಸಿಬಿಟ್ಟಳು. "ಸರ, ನಿಮಗ ಎಷ್ಟ ಉಪಕಾರ ನೆನಸಲಿ? ಬೆಳಿಗ್ಗಿ ಸಾಲೀಗೆ ಹೋಗೂ ಮುಂಚೆ ಇಲ್ಲೆ ಬಂದ ಓದಿದೆ. ಕೈ ಕಾಲ ತಣ್ಣಗಾದೂ. 'ನಿಮ್ಮ ತಪ್ಪು ಒಂದೇ, ಬಾಯಿ ಬಿಟ್ಟು ಕೇಳಲಿಲ್ಲ.' ಯಾರೋ ನನ್ನ ಮನಸಿನ್ಯಾಗ ಹೊಕ್ಕ ನೋಡಿ ಬರದಂಗ ಇತ್ತು."

"ನಂದೂ ಹಂಗ…"

"ಹೊರಗ ಬಂದಾಕೀನ ಫೋನ್ ಮಾಡಿ ಕೇಳಿಬಿಟ್ಟೆ ಸರ."

"ಯಾರನ್ನ?"

"ದೇಗಾಂವದ ಮಾಂತೇಶ ಮಾಸ್ತರನ್ನ. ಸಾಲಿ ಮೀಟಿಂಗಿನ್ಯಾಗ ಭೆಟ್ಟಿ ಆಗತಿರತಾರ. ನಿಮ್ಮಲ್ಲೆ ಇನ್ನೂರಾ ತೊಂಬತ್ತೊಂದನೇ ನಂಬರ. ದಿನಾ ಒಂದ ಸಲ ಅವರ ಫೋಟೋ ನೋಡಾಕ ಬರತಿದ್ದೆ." ಅವಳ ಮುಖ ಕೆಂಪಾಯಿತು. "ಇವತ್ತ ನಂಬರ ಒತ್ತಿದ್ರ ಇಲ್ಲಿ ಇಲ್ಲ ಅಂತ ಬಂತು. ಬ್ಯಾರೇ ಕಡೆ ಗೊತ್ತಾತೇನೋ ಅಂತ ಜೀವಾನ ಹೋತು. ಕೇಳಿದ್ರ ಅವರೂ, ನಾನೂ ಎಂಟ ತಿಂಗಳಿಂದ ಕೇಳಬೇಕಂತಿದ್ನ್ರಿ ಅಂದ್ರು."

ಹೊರಗೆ ಯಾವುದೋ ಲಾರಿ ಹಾರ್ನು ಹೊಡೆಯುತ್ತ ಹೋಯಿತು. ಅಮೋಘಸಿದ್ದಪ್ಪ ಅದು ಹೋದ ದಿಕ್ಕನ್ನೇ ನೋಡಿದ. ಆಮೇಲೆ, "ಛಲೋ ಆತ್ರಿ," ಎಂದ.

"ಒಂದ ಕೆಲಸ ಮಾಡ್ರಿ ಸರ. ಅಪ್ಪಗ ನಾ ಹೆಂಗ ಹೇಳಲಿ? ಶುಭಯೋಗದಿಂದ ಸಂಬಂಧ ಬಂತಂತ ನೀವ ಬಂದ ಹೇಳಿದ್ರ ಕೇಳತಾರ. ಮನಿ ಇಲ್ಲೇ ಐತಿ, ದೇಗಾಂವ ರಸ್ತೇಕ."

"ಆತ್ರಿ," ಎಂದ.

ಕರೆಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಬಂದವನು ಎಲ್ಲಿಯವನೆಂದು ತಿಳಿದೊಡನೆ ಅವರ ಮುಖ ಗಂಟಿಕ್ಕಿತು. "ಆ ಕಂಪ್ಯೂಟರಿನವರೇನು? ಇನ್ನ ಏನ ಉಳದೈತಿ ನೋಡಾಕ?"

ಅಮೋಘಸಿದ್ದಪ್ಪ ಕಂಬಳಿಯ ಮೇಲೆ ಕುಳಿತ. ಭಾಗೀರಥಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಿರುವುದು ಸೀರೆಯ ಸೆರಗಿನಿಂದ ಗೊತ್ತಾಗುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ಆದದ್ದು ಅವನಿಗೇ ಆಶ್ಚರ್ಯ. ತಡವರಿಸದೆ, ನಡುವೆ ತೊಗರಿಯ ಧಾರಣಿಗೆ ಹೋಗದೆ, ಮಾತು ನೀರಿನಂತೆ ಹರಿಯಿತು.

"ಹಿರ್ಯಾರು ಸಿಟ್ಟ ಆಗಬಾರದು. ನಿಮ್ಮ ಮಗಳನ್ನ ಕೇಳಾಕ ಬಂದೇನ್ರಿ. ಹುಡುಗಗ ಆಕೀ ಮ್ಯಾಲೆ ಭಾಳ ದಿವಸದಿಂದ ಮನಸ ಐತಿ. ಅಂಜುಬುರುಕ ಮನಶಾ, ಹೇಳಿಕೊಂಡಿಲ್ಲ. ಆಸ್ತಿ ಅಂಥಾದ್ದೇನಿಲ್ಲ. ಆದ್ರ ಆಕೀ ಕಣ್ಣಾಗ ನೀರ ಬರಾಕ ಬಿಡಂಗಿಲ್ಲ. ಆಕಿ ಕರದ್ರ ಎದ್ದ ಹೋಗತಾನ, ಎಷ್ಟ ಸಲ ಕರದ್ರೂ ಎದ್ದ ಹೋಗತಾನ. ಇಷ್ಟ ನಾ ಖಾತ್ರಿ ಹೇಳತೇನ್ರಿ."

ಆರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಅದು. ಕೊನೆಗೆ ಹೆಸರು ಹೇಳುವಾಗ ಮಾತ್ರ ಒಂದು ಕ್ಷಣ ತಡೆದ. "ದೇಗಾಂವದ ಮಾಂತೇಶ ಮಾಸ್ತರ ಅಂತ್ರಿ."

ಕರೆಪ್ಪನವರ ಕೈಯಲ್ಲಿ ಹಗ್ಗ ನಿಂತಿತ್ತು. ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ಸಾವಿತ್ರೆವ್ವಾ, ಚಹಾ ಇಡು," ಎಂದು ಒಳಗಿದ್ದ ಹೆಂಡತಿಯನ್ನು ಕೂಗಿದರು. "ತಮ್ಮಾ, ಆ ಮಾಸ್ತರನ್ನ ನಾ ಬಲ್ಲೆ. ಹೋದ ವರ್ಷ ವರ್ಗಾ ಆಗಿ ಬಂದಾನ. ಛಲೋ ಹುಡುಗ. ನನ್ನ ಒಪ್ಪಿಗಿ ಐತಿ. ಆದ್ರ ಒಂದ ಕೇಳತೇನಿ, ನಾ ಯಾಕ ಆಕೀ ಹೆಸರ ತಗಸಿದೆ ಗೊತ್ತೈತೇನು?"

"ಇಲ್ರಿ."

"ಫೋಟೋದ ತಳಾಗ ಒಂದ ಅಂಕಿ ಹಾಕಿದ್ರಲ್ಲ, ಇಷ್ಟ ಮಂದಿ ನೋಡ್ಯಾರ ಅಂತ. ಮೊದಲ ಸಲ ನೋಡಿದಾಗ ಅರವತ್ತ ಇತ್ತು, ಖುಷಿ ಆತು. ಆ ವರ್ಷದ ದೀಪಾವಳಿಗೆ ನೋಡಿದೆ, ಐದನೂರು. ಹೋದ ತಿಂಗಳ ಸಾವಿರದ ನಾನೂರ ದಾಟಿತ್ತು." ಅವರ ದನಿ ಸಣ್ಣದಾಯಿತು. "ಸಾವಿರದ ನಾನೂರ ಮಂದಿ ನನ್ನ ಮಗಳ ಮಾರಿ ನೋಡಿ, ಒಬ್ಬಾಂವರ ಬಾಗಲಾ ಬಡದನೇನು? ಅಂಥಾದ್ದೇನ ಕಡಿಮಿ ಐತೋ ಆಕೀಗೆ? ಒಂದ ಹೊತ್ತ ಉಣ್ಣಲಿಲ್ಲ ನಾನು. ನಾಚಿಕಿ ಆಗಿ ತಗಸಿಬಿಟ್ಟೆ."

ಆಗೆಲ್ಲರೂ ಹಾಕುತ್ತಿದ್ದರೆಂದು ಆ ಅಂಕಿಯನ್ನು ಪ್ರತಿ ಪುಟಕ್ಕೂ ಅಂಟಿಸಿದವನು ಅಮೋಘಸಿದ್ದಪ್ಪನೇ. ಬೇರೆಯವರ ಪುಟದಲ್ಲಿ ಅದು ಎಪ್ಪತ್ತು ದಾಟುವುದೇ ಅಪರೂಪ. ಬೆಳಿಗ್ಗೆ ಒಂದು, ಸಂಜೆ ಒಂದು. ಎರಡು ವರ್ಷ.

"ಆ ಸಾವಿರದ ನಾನೂರ ಮಂದ್ಯಾಗ," ಎಂದರು ಕರೆಪ್ಪ, ಚಹಾದ ಬಟ್ಟಲನ್ನು ಅವನ ಕೈಗೆ ಕೊಡುತ್ತ, "ಒಬ್ಬನರ ನಿನ್ನಂಗ ಬಂದ ಕುಂತು ಈ ಮಾತ ಕೇಳಿದ್ರ, ಅವನ ಹೊಲಾ ಮನಿ ಸುದ್ದಾ ಕೇಳದ ಹ್ಞೂಂ ಅಂತಿದ್ದೆ. ಆಕೀನೂ ಬ್ಯಾಡ ಅಂತಿರಲಿಲ್ಲ. ಮಾಸ್ತರ ಆಗ ಎಲ್ಲಿದ್ದ?"

ಚಹಾ ಬಿಸಿಯಿತ್ತು. ಅಮೋಘಸಿದ್ದಪ್ಪ ಅದನ್ನು ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡ. ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ಕಾರಣವಾದರೂ ಸಿಕ್ಕಿತು. ಸಾವಿತ್ರೆವ್ವ, "ಅಯ್ಯ, ಸಾವಕಾಶ ಕುಡೀರಿ," ಎಂದು ನೀರು ತಂದಳು.

ಭಾಗೀರಥಿ ಸಾಲಿಗೆ ಮರಳುವ ದಾರಿಯಲ್ಲಿ ಅವನನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ಬೈಲಹೊಂಗಲದ ಬಸ್ಸು ಬಾಗಿಲು ತೆರೆದು ನಿಂತಿತ್ತು. ಅವನು ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ಕರೆದಳು. "ಸರ, ಸ್ವಲ್ಪ ಇಲ್ಲೆ ಬರ್ರಿ."

ಇಳಿದು ಬಂದ.

"ನಮ್ಮ ಲಗ್ನಪತ್ರಿಕಾ ನೀವ ಬರದ ಕೊಡಬೇಕು. ಪ್ರೆಸ್ಸಿನವರದು ಎಲ್ಲಾರದೂ ಒಂದ ನಮೂನಿ ಇರತೈತಿ. ನೀವ ಬರದ್ರ ಮನಸಿಗೆ ತಟ್ಟತೈತಿ."

"ಆತ್ರಿ," ಎಂದ ಅಮೋಘಸಿದ್ದಪ್ಪ.

ಬಸ್ಸು ಹೊರಟಿತು. ಕಿಟಕಿಯ ಹೊರಗೆ ಅವೇ ಹತ್ತಿ ಹೊಲಗಳು. ಬೈಲಹೊಂಗಲ ಇನ್ನೂ ದೂರವಿರುವಾಗಲೇ ಪತ್ರಿಕೆಯ ಮೊದಲ ಸಾಲು ಅವನಿಗೆ ಹೊಳೆಯಿತು. ಬರೆದುಕೊಳ್ಳಲು ಕಾಗದ ಹುಡುಕಿದ, ಟಿಕೇಟೊಂದೇ ಇತ್ತು. ಅದರ ಬೆನ್ನಿಗೆ ಬರೆದು, ಎರಡು ಸಲ ಓದಿ, ಒಂದು ಅಕ್ಷರ ತಿದ್ದಿದ. ಸಾಲು ಬಹಳ ಚೆನ್ನಾಗಿತ್ತು.